ಸಾರದೆ ಉಳಿದವನು

ಆ ಊರಿಗೆ ಒಂದು ಹೆಸರಿತ್ತು. ನಾನು ಹೇಳುವುದಿಲ್ಲ. ಹೇಳಿದರೆ ನೀವು ನಕಾಶೆ ಬಿಡಿಸಿಕೊಂಡು ಕೂರುತ್ತೀರಿ, ಯಾವ ಸಮುದ್ರದ ಪಕ್ಕ, ರೈಲು ಹೋಗುತ್ತದೆಯೇ ಎಂದು ಹುಡುಕುತ್ತೀರಿ, ಕಥೆ ಅಲ್ಲೇ ನಿಂತುಬಿಡುತ್ತದೆ. ಸಮುದ್ರ ಇತ್ತು, ಅಷ್ಟು ಸಾಕು. ಸಮುದ್ರದ ಕಡೆಗೆ ಇಳಿಯುವ ಕಲ್ಲುಹಾಸಿನ ಬೀದಿಗಳಿದ್ದವು. ಬೀದಿಗಳೆಲ್ಲ ಕೂಡುವ ಕಡೆ ಒಂದು ಚೌಕ. ಚೌಕದ ನಡುವೆ ಸೊಂಟದೆತ್ತರದ ಒಂದು ಕಲ್ಲು.

ಆ ಕಲ್ಲಿನ ಮೇಲೆ ನಿಂತು ಸಾರುವ ತನಕ ಆ ಊರಿನಲ್ಲಿ ಏನೂ ಆಗುತ್ತಿರಲಿಲ್ಲ.

ಏನೂ ಎಂದರೆ ಏನೂ. ಮಗು ಹುಟ್ಟುತ್ತಿತ್ತು, ಅಳುತ್ತಿತ್ತು, ತೊಟ್ಟಿಲು ಒದೆಯುತ್ತಿತ್ತು. ಆದರೆ ಸಾರುವಯ್ಯ ಕಲ್ಲು ಹತ್ತಿ, “ನೇಕಾರರ ಬೀದಿಯ ಮೂರನೇ ಮನೆಯಲ್ಲಿ ಹೆಣ್ಣು ಮಗು” ಎಂದು ಕೂಗಿ, ನೆರೆದ ಜನ “ಆಯ್ತು” ಎನ್ನುವವರೆಗೆ ಆ ತಾಯಿ ಇನ್ನೂ ಬಸುರಿಯೇ. ನೆರೆಯವರು ತೊಟ್ಟಿಲ ಪಕ್ಕದಲ್ಲೇ ನಿಂತು, “ದಿನ ತುಂಬಿತೇನಮ್ಮ?” ಎಂದು ಕೇಳುವರು. ಮಳೆಯೂ ಅಷ್ಟೆ. ಸಾರದ ಮಳೆಯಲ್ಲಿ ಜನ ಕೊಡೆ ಬಿಚ್ಚದೆ ತೊಯ್ದು ತೊಪ್ಪೆಯಾಗಿ ನಡೆಯುತ್ತ, “ಮೋಡ ಕಟ್ಟಿದ ಹಾಗಿದೆ ಅಲ್ವೇ” ಎಂದುಕೊಳ್ಳುವರು. ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಆಮೇಲೆ ಯೋಚನೆ ಮಾಡಿದರೆ, ನಾಲ್ಕು ಜನ ಕೇಳಿ ತಲೆಯಾಡಿಸುವ ತನಕ ನಮ್ಮ ಬದುಕಿನಲ್ಲಾದರೂ ಏನು ಪೂರ್ತಿಯಾಗಿ ಆಗಿದೆ ಹೇಳಿ?

ಅದಕ್ಕೊಂದು ಕ್ರಮವಿತ್ತು. ಸೂರ್ಯ ಸಮುದ್ರದಿಂದ ಒಂದು ಗೇಣು ಮೇಲೆ ಬಂದಾಗ ಜನ ಚಪ್ಪಲಿ ಬಿಟ್ಟು ಚೌಕಕ್ಕೆ ಬರುವರು. ಕಲ್ಲಿನ ಬಳಿಯ ತೊಟ್ಟಿಯಿಂದ ಬಲಗಿವಿಗೆ ಒಂದು ಹನಿ ನೀರು ಮುಟ್ಟಿಸಿಕೊಳ್ಳುವರು. ಸಾರುವಯ್ಯ ಸಾರುವನು. ಊರು “ಆಯ್ತು” ಎನ್ನುವುದು. ಸಾರುವನು. ಆಯ್ತು. ಸಾರುವನು. ಆಯ್ತು. ಸಾವಿನ ವಿಷಯದಲ್ಲಿ ಮಾತ್ರ ಕ್ರಮ ಸ್ವಲ್ಪ ಬೇರೆ. ಸತ್ತವರ ಮನೆಯವರು ಮೊದಲು “ಆಯ್ತು” ಎನ್ನಬೇಕು, ಆಮೇಲೆ ಊರು. ಹಾಗೆಂದ ಮರುಗಳಿಗೆಯೇ ಮನೆಯವರ ಕಣ್ಣು ತುಂಬುತ್ತಿತ್ತು. ಅದಕ್ಕೆ ಮುಂಚೆ ಇಲ್ಲ. ಸಾರದ ಸಾವಿಗೆ ಅಳಬಾರದು ಎಂದು ಕಟ್ಟಲೆಯೇನೂ ಇರಲಿಲ್ಲ. ಕಣ್ಣೀರೇ ಬರುತ್ತಿರಲಿಲ್ಲ.

ಇಂಥ ಊರಿಗೆ ಧಣಿ ಬಂದ.

ಬಂದಾಗ ಧಣಿಯಾಗಿರಲಿಲ್ಲ ಬಿಡಿ. ಎರಡು ಚಕ್ರದ ಕೈಗಾಡಿ, ಅದರ ಮೇಲೊಂದು ಪೀಪಾಯಿ ದೀಪದ ಎಣ್ಣೆ. ಮನೆ ಮನೆಗೆ ಹೋಗಿ ಮೊದಲ ಸಲದ ಎಣ್ಣೆ ಪುಕ್ಕಟೆ ಹಾಕಿ, ಬತ್ತಿಯ ಕರಿ ತಾನೇ ಚಿವುಟಿ ಹಚ್ಚಿಕೊಟ್ಟು, “ಈಗ ನೋಡಿ ನಿಮ್ಮ ಮನೆಯವರ ಮುಖ, ಎಷ್ಟು ಲಕ್ಷಣವಾಗಿದೆ” ಎನ್ನುತ್ತಿದ್ದ. ಜನಕ್ಕೆ ಇಷ್ಟವಾಗದೆ ಇರುತ್ತದೆಯೇ? ನನಗೂ ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಆಮೇಲೆ ಗಾಣ ಹಾಕಿದ. ಗಾಣದ ಮೇಲೆ ಕಾರ್ಖಾನೆ ಕಟ್ಟಿದ. ಕಾರ್ಖಾನೆಯಲ್ಲಿ ಮನೆಯಷ್ಟು ದೊಡ್ಡ ಕೊಪ್ಪರಿಗೆ ಕೂರಿಸಿದ, ಉಗಿ ಎಬ್ಬಿಸಿದ, ಹೊಗೆ ಕೊಳವೆ ಎತ್ತಿಸಿದ. ಊರಿನ ಅರ್ಧ ಜನ ಅವನ ಕಾರ್ಖಾನೆಯಲ್ಲಿದ್ದರು, ಉಳಿದರ್ಧ ಅವನ ದೀಪದ ಬೆಳಕಿನಲ್ಲಿ.

ಕಲ್ಲು ಅವನ ಕೈಗೆ ಬಂದದ್ದು ಬಹಳ ಮೆಲ್ಲಗೆ. ಸಾರುವಯ್ಯನಿಗೆ ಬಿಸಿಲು ತಾಗುತ್ತದೆಂದು ಕಲ್ಲಿನ ಮೇಲೆ ಚಪ್ಪರ ಹಾಕಿಸಿದ. ಗಂಟಲು ಕಟ್ಟುತ್ತದೆಂದು ದಿನಾ ಮೆಣಸು ಬೆಲ್ಲದ ಕಷಾಯ ಕಳಿಸಿದ. ಮುದುಕರಿಗೆ ಕಲ್ಲು ಬೆಂಚು ಹಾಕಿಸಿದ. ನೆನಪಿಟ್ಟುಕೊಳ್ಳಲು ಕಷ್ಟವೆಂದು ಸಾರಬೇಕಾದ್ದನ್ನು ಚೀಟಿಯಲ್ಲಿ ಬರೆಸಿ ಕಳಿಸಿದ. ಒಂದು ದಿನ ಚೀಟಿಯ ಕೊನೆಗೆ ಹೀಗಿತ್ತು: “ಈ ಕಲ್ಲು ಧಣಿಯವರದು.” ಸಾರುವಯ್ಯ ಓದಿದ. ಜನ ರೂಢಿಯಂತೆ “ಆಯ್ತು” ಎಂದರು. ಹಾಗೆಂದಮೇಲೆ ಆಯಿತಲ್ಲ!

ಆಮೇಲಿನ ವರ್ಷಗಳಲ್ಲಿ ಧಣಿಯ ಮೇಲೆ ಮಾತು ಏಳಲಿಲ್ಲವೆಂದಲ್ಲ. ಎದ್ದಿತು, ಅಲ್ಲೇ ಕೂತಿತು. ಕಾರ್ಖಾನೆಯ ಕೆಳಗೆ ಹೊಳೆ ನಾರತೊಡಗಿತು. ಒಬ್ಬ ಮೇಷ್ಟ್ರು ಚೌಕದಲ್ಲಿ ಎದ್ದುನಿಂತು ಅದೇನೆಂದು ಕೇಳಿದರು. ಮರುದಿನ, “ಹೊಳೆಯಿಂದ ಮಲ್ಲಿಗೆಯ ಪರಿಮಳ ಬರುತ್ತಿದೆ” ಎಂದು ಸಾರಲಾಯಿತು. ಆಯ್ತು. ಜನ ಮೂಗಿಗೆ ಸೆರಗು ಹಿಡಿದು, “ಎಷ್ಟು ಗಮಗಮ” ಎನ್ನುತ್ತ ಓಡಾಡಿದರು. ಇನ್ನೊಮ್ಮೆ ನ್ಯಾಯಾಧೀಶರು ಯಾವುದೋ ವ್ಯಾಜ್ಯದಲ್ಲಿ ಧಣಿಯನ್ನು ನ್ಯಾಯದ ಮನೆಗೆ ಕರೆಸಿದರು. ಅದೇ ಬೆಳಿಗ್ಗೆ ಕಲ್ಲಿನ ಮೇಲಿಂದ, “ಧಣಿಯವರು ನ್ಯಾಯಾಧೀಶರ ಮನೆಗೆ ಊಟಕ್ಕೆ ಹೋಗಿದ್ದಾರೆ” ಎಂದು ಬಂತು. ಪಾಪ, ಚೌಕದಲ್ಲೇ ಇದ್ದ ನ್ಯಾಯಾಧೀಶರ ಹೆಂಡತಿ ಎದ್ದು ಬಿದ್ದು ಮನೆಗೆ ಓಡಿ ಒಲೆ ಹಚ್ಚಿದರು. ಊಟದ ನಡುವೆ ವ್ಯಾಜ್ಯದ ಮಾತೆತ್ತುವುದು ಮರ್ಯಾದೆಯೇ? ಎತ್ತಲಿಲ್ಲ.

ಈಗ ಕೊಪ್ಪರಿಗೆಯವನ ಮಾತಿಗೆ ಬರುತ್ತೇನೆ.

ಕೊಪ್ಪರಿಗೆಯನ್ನು ಕಾಯುತ್ತಿದ್ದವನು ಅವನು. ಹನ್ನೊಂದು ವರ್ಷ ಅದೊಂದೇ ಕೆಲಸ. ಕೊಪ್ಪರಿಗೆಯ ನೆತ್ತಿಯ ಮೇಲೆ ಅಂಗೈಯಗಲದ ಒಂದು ಮುಚ್ಚಳ. ಉಗಿ ಹೆಚ್ಚಾದಾಗ ತಾನೇ ತೆರೆದುಕೊಂಡು, ಉಸ್ಸೆಂದು ಉಗಿ ಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದು ತೆರೆದಾಗಲೆಲ್ಲ ಕೆಲಸ ಅರ್ಧ ಗಳಿಗೆ ನಿಲ್ಲುತ್ತಿತ್ತು. ಧಣಿಗೆ ನಿಂತ ಕೆಲಸ ಆಗದು. ಮುಚ್ಚಳಕ್ಕೆ ತಂತಿ ಸುತ್ತಿ ಬಿಗಿಸಲು ಹೇಳಿದ. ಬಿಗಿದರು. ಒಂದು ಮಧ್ಯಾಹ್ನ ಕೊಪ್ಪರಿಗೆ ಸಿಡಿಯಿತು. ಸಮುದ್ರದ ಮೇಲಿದ್ದ ದೋಣಿಗಳವರೆಗೂ ಸದ್ದು ಹೋಯಿತು. ಕೊಪ್ಪರಿಗೆಯವನೊಬ್ಬನೇ ಹತ್ತಿರ ಇದ್ದದ್ದು.

ಅವನನ್ನು ಹಲಗೆಯ ಮೇಲೆ ಗುಡ್ಡಕ್ಕೆ ಹೊತ್ತು, ಮಣ್ಣಿನಲ್ಲಿ ಮಲಗಿಸಿ ಬಂದರು. ಹೊತ್ತವರು ದಾರಿಯಲ್ಲಿ ಕೇಳಿದವರಿಗೆ, “ವಿಶ್ರಾಂತಿಗೆ ಹೋಗಿದ್ದಾನೆ” ಎಂದರು. ಇನ್ನೂ ಸಾರಿಲ್ಲವಲ್ಲ, ಬೇರೆ ಏನು ಹೇಳಬೇಕು?

ಮರುದಿನ ಅವನ ಹೆಂಡತಿ ಎಲ್ಲರಿಗಿಂತ ಮೊದಲು ಚೌಕಕ್ಕೆ ಬಂದಳು. ಕಿವಿಗೆ ಹನಿ ನೀರು ಮುಟ್ಟಿಸಿಕೊಂಡು ಕಲ್ಲಿಗೆ ಒತ್ತಿ ನಿಂತಳು. ಕಣ್ಣು ಉರಿಯುತ್ತಿತ್ತು. ಎದೆಯೊಳಗೆ ದೊಡ್ಡದೇನೋ ಬಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು “ಆಯ್ತು” ಎಂದರೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಾರುವಯ್ಯ ಸಾರಿದ: ಮೂರು ದೋಣಿ ಬಂದಿವೆ. ಆಯ್ತು. ಗಾಳಿ ಪಡುವಣದ ಕಡೆ ತಿರುಗಿದೆ. ಆಯ್ತು. ಹಗ್ಗಜಗ್ಗಾಟದಲ್ಲಿ ಧಣಿಯವರ ತಂಡ ಗೆದ್ದಿದೆ. ಆಯ್ತು. ಸಾರುವಯ್ಯ ಚೀಟಿ ಮಡಿಚಿ ಕೆಳಗಿಳಿದ.

“ಸಾರುವಯ್ಯ, ನಮ್ಮನೆಯವರದು?” ಎಂದಳು ಅವಳು.

“ಚೀಟಿಯಲ್ಲಿ ಇರಲಿಲ್ಲವ್ವಾ.”

“ನಾಳೆ ಇರುತ್ತಾ?”

ಅವನು ಅವಳ ಮುಖ ನೋಡಲಿಲ್ಲ. “ಚೀಟಿ ಈಗ ನಾನು ಬರೆಯೋದಲ್ಲವ್ವಾ.”

ನಾಳೆ ಇತ್ತು, ಆದರೆ ಬೇರೆ ತರಹ. ಊರಿನಲ್ಲಿ ಗುಸುಗುಸು ಎದ್ದಿತ್ತು, ಸಿಡಿದದ್ದನ್ನು ಎಲ್ಲರೂ ಕೇಳಿದ್ದರಲ್ಲ. ಧಣಿಗೆ ಹೆದರಿಕೆಯಾಯಿತು. ಹೆದರಿದವರು ಮಾಡುವುದನ್ನೇ ಅವನೂ ಮಾಡಿದ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಿಬಿಟ್ಟ. “ಕೊಪ್ಪರಿಗೆಯವನಿಗೆ ಮೇಸ್ತ್ರಿ ಪದವಿ ಕೊಡಲಾಗಿದೆ” ಎಂದು ಸಾರಿಸಿದ. ಸತ್ತವನಿಗೆ ಯಾರು ಬಡ್ತಿ ಕೊಡುತ್ತಾರೆ? ಹಾಗಾದರೆ ಬದುಕಿದ್ದಾನೆ! ಆಯ್ತು.

ಅವತ್ತು ಪಕ್ಕದ ಮನೆಯಾಕೆ ಒಂದು ತಟ್ಟೆ ಸಿಹಿ ಹಿಡಿದು ಬಂದಳು.

“ಏನಮ್ಮಾ ಮೇಸ್ತ್ರಿ ಹೆಂಡ್ತಿ! ಇನ್ಮೇಲೆ ನಾವೆಲ್ಲ ಎಲ್ಲಿ ಕಣ್ಣಿಗೆ ಕಾಣ್ತೀವಿ ನಿನಗೆ.”

“ಕೂತ್ಕೊಳ್ಳಕ್ಕ.”

“ಎಲ್ಲಿ, ಮೇಸ್ತ್ರಿಗಳು?” ಎಂದು ಕೇಳಿ ಅವಳು ತಾನೇ ನಾಲಿಗೆ ಕಚ್ಚಿಕೊಂಡಳು. ಹಲಗೆ ಗುಡ್ಡ ಹತ್ತಿದ್ದನ್ನು ಕಿಟಕಿಯಿಂದ ಅವಳೇ ನೋಡಿದ್ದಳು. ತಟ್ಟೆ ಕೆಳಗಿಟ್ಟು ಮೆಲ್ಲಗೆ ಹೇಳಿದಳು, “ಕೆಲಸಕ್ಕೆ ಹೋಗಿರ್ಬೇಕು, ಅಲ್ವಾ?”

“ಹೋಗಿದ್ದಾರೆ.”

ಇಬ್ಬರೂ ಕೂತರು. ಇಬ್ಬರ ಕಣ್ಣೂ ಒಣಗಿತ್ತು. ಪಕ್ಕದ ಮನೆಯಾಕೆ ಅಡುಗೆಮನೆಗೆ ಹೋಗಿ ನಾಲ್ಕು ಈರುಳ್ಳಿ ತಂದು ಅವಳ ಮುಂದೆ ಹೆಚ್ಚಿದಳು, ಏನಾದರೂ ಬರುತ್ತದೇನೋ ಎಂದು. ಬರಲಿಲ್ಲ.

ಧಣಿಗೆ ಇದರಿಂದ ಒಂದು ಹೊಸ ಉಪಾಯ ಸಿಕ್ಕಿತು. ಒಂದು ಸಾವು ಸಾರದೆ ಉಳಿದರೆ ಊರು ನಗುನಗುತ್ತ ಕೆಲಸಕ್ಕೆ ಬರುತ್ತದೆ. ಹಾಗಾದರೆ ಎಲ್ಲ ಸಾವೂ ಯಾಕೆ ಉಳಿಯಬಾರದು? “ದುಃಖದ್ದು ಇವತ್ತು ಬೇಡ, ನಾಳೆ ನೋಡೋಣ” ಎಂದು ಸಾರುವಯ್ಯನಿಗೆ ಹೇಳಿಕಳಿಸಿದ. ಮರುದಿನವೂ ಅದನ್ನೇ ಹೇಳಿಕಳಿಸಿದ. ದೋಣಿ ಬಂದಿದೆ. ಆಯ್ತು. ಹೂ ಬಿಟ್ಟಿದೆ. ಆಯ್ತು. ಮನೆಮನೆಗಳಲ್ಲಿ ತಾಯಂದಿರು, ತಾತಂದಿರು, ಎಳೆಗೂಸುಗಳು ಒಬ್ಬೊಬ್ಬರಾಗಿ ಇಲ್ಲವಾದರು, ಆದರೆ ಯಾರೂ ಸಾಯಲಿಲ್ಲ. ಊರಿನ ಜನಸಂಖ್ಯೆ ಬೆಳೆಯುತ್ತಲೇ ಹೋಯಿತು. ಬೀದಿಗಳು ಮಾತ್ರ ಸ್ವಲ್ಪ ಸ್ವಲ್ಪವೇ ಖಾಲಿಯಾದವು.

ಕೊಪ್ಪರಿಗೆಯವನ ಹೆಂಡತಿ ಪ್ರತಿ ಬೆಳಿಗ್ಗೆ ಬಂದಳು, ಕಿವಿಗೆ ನೀರು ಮುಟ್ಟಿಸಿಕೊಂಡಳು, ಕಲ್ಲಿಗೆ ಒತ್ತಿ ನಿಂತಳು, ಹಿಂದಿರುಗಿದಳು. ಅವಳು ನಿಂತಿರುವುದನ್ನು ನೋಡಿದಾಗಲೆಲ್ಲ ಜನ ಪಿಸುಗುಟ್ಟುವರು. ಪಿಸುಗುಟ್ಟಿದಾಗಲೆಲ್ಲ ಕೊಪ್ಪರಿಗೆಯವನಿಗೆ ಒಂದು ಬಡ್ತಿ ಬರುವುದು. ಮೇಸ್ತ್ರಿಯಾಗಿದ್ದವನು ಮೇಲ್ವಿಚಾರಕನಾದ. ಆಮೇಲೆ ಎಲ್ಲ ಕೊಪ್ಪರಿಗೆಗಳ ಅಧಿಕಾರಿಯಾದ. ಆಮೇಲೆ ಅವನಿಗೆ ಕರಿ ಕೋಟು ಹೊಲಿಸಿದ್ದಾರೆ ಎಂದು ಸಾರಲಾಯಿತು, ಕೋಟು ಬಂದು ಮನೆಯ ಗೂಟದಲ್ಲಿ ನೇತಾಡಿತು. ಬದುಕಿದ್ದಾಗ ಹನ್ನೊಂದು ವರ್ಷ ಒಂದೇ ಮೆಟ್ಟಿಲ ಮೇಲೆ ನಿಂತಿದ್ದವನು ಮಣ್ಣಿನಲ್ಲಿ ಮಲಗಿ ಐದು ವರ್ಷದಲ್ಲಿ ಏರಿದ ಎತ್ತರ ನೋಡಿ ಅವನ ಜೊತೆಗಾರರಿಗೆ ಹೊಟ್ಟೆಕಿಚ್ಚೂ ಆಯಿತಂತೆ! ಮನುಷ್ಯರೇ ಹೀಗೆ, ಏನು ಮಾಡುತ್ತೀರಿ.

ಐದನೆಯ ವರ್ಷ ಧಣಿ ಒಂದು ತಪ್ಪು ಮಾಡಿದ. ಆ ಊರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಇನ್ನು ಕೊಡಲು ಬೇರೆ ಪದವಿ ಉಳಿದಿರಲಿಲ್ಲವೆಂದು, “ಅವನು ಧಣಿಯವರ ಆಪ್ತಮಿತ್ರ, ಪ್ರತಿ ಗುರುವಾರ ಮಧ್ಯಾಹ್ನ ಧಣಿಯವರು ಅವನ ಮನೆಯಲ್ಲೇ ಊಟ ಮಾಡುತ್ತಾರೆ” ಎಂದು ಸಾರಿಸಿಬಿಟ್ಟ. ಆಯ್ತು ಎಂದಿತು ಊರು. ಕಲ್ಲು ಧಣಿಯದಾದರೂ ಕಟ್ಟಲೆ ಧಣಿಯದಲ್ಲವಲ್ಲ. ಸಾರಿದ್ದು ಆಗಲೇಬೇಕು. ಗುರುವಾರ ಬಂತು. ಧಣಿ ಒಂದು ಬುಟ್ಟಿ ಕಿತ್ತಳೆ ಹಿಡಿದು, ಕೆಮ್ಮಿ, ಆ ಮನೆಯ ಬಾಗಿಲು ತಟ್ಟಿದ.

“ನನ್ನ ಮಿತ್ರ ಇದ್ದಾನೇನಮ್ಮಾ?”

ಅವಳು ಬಾಗಿಲಲ್ಲಿ ಬಹಳ ಹೊತ್ತು ಅವನನ್ನು ನೋಡಿದಳು. ಬೆಳಗಾದರೆ ಕಲ್ಲಿನ ಹತ್ತಿರ ನಿಂತು ಶಪಿಸಬೇಕೆಂದುಕೊಂಡಿದ್ದ ಮುಖ ಅದು. ಹತ್ತಿರದಿಂದ ನೋಡಿದರೆ ಕೆನ್ನೆ ಜೋಲುಬಿದ್ದ ಒಬ್ಬ ಗಂಡಸು, ಕೈಯಲ್ಲಿ ಕಿತ್ತಳೆ.

“ಬನ್ನಿ,” ಎಂದಳು. “ಕೂತ್ಕೊಳ್ಳಿ.”

ಎರಡು ಮಣೆ ಹಾಕಿದಳು. ಒಂದರ ಮೇಲೆ ಧಣಿ ಕೂತ. ಇನ್ನೊಂದರ ಮೇಲೆ ಯಾರೂ ಕೂರಲಿಲ್ಲ. ಮೊದಲ ಗುರುವಾರ ಧಣಿ ಮಾತಿಲ್ಲದೆ ಉಂಡು ಎದ್ದ. ಎರಡನೆಯ ಗುರುವಾರ ಹವೆಯ ವಿಷಯ ಒಂದು ಮಾತು ಆಡಿದ, ಎದುರಿನ ಮಣೆಗೆ. ಮೂರನೆಯ ಗುರುವಾರ ಮೊಣಕಾಲು ನೋವಿನ ವಿಷಯ. ಆಮೇಲೆ, ನೋಡಿ, ಕಟ್ಟೆ ಒಡೆದ ಹಾಗಾಯಿತು. ಕೈಗಾಡಿಯ ದಿನಗಳ ಕಥೆ ಹೇಳಿದ. ಊರಿನಲ್ಲಿ ತನ್ನನ್ನು ಕಂಡರೆ ಎಲ್ಲರೂ ನಗುತ್ತಾರೆ, ಆದರೆ ಯಾರೂ ತನ್ನ ಜೊತೆ ನಗುವುದಿಲ್ಲ ಎಂದ. ಬೆಳಿಗ್ಗೆ ತಾನೇ ಬರೆದು ಕಳಿಸಿದ್ದನ್ನು ಕೇಳಿ ತಾನೇ ಸಂತೋಷಪಡಬೇಕು, ಬೇರೆ ಸುದ್ದಿಯೇ ತನಗೆ ಬರುವುದಿಲ್ಲ ಎಂದ.

“ನಾನು ಸಮುದ್ರ ಕೆಂಪು ಅಂದರೂ ಆಯ್ತು ಅಂತಾರೆ ಕಣಯ್ಯ,” ಎಂದ ಮಣೆಗೆ. “ನೀನೊಬ್ಬ ಅನ್ನಲ್ಲ.”

ಒಲೆಯ ಮುಂದೆ ಕೂತ ಅವಳು ಇದನ್ನೆಲ್ಲ ಕೇಳುತ್ತಿದ್ದಳು. ಇಡೀ ಊರಿನಲ್ಲಿ ಧಣಿಗೆ ತಲೆಯಾಡಿಸದೆ ಇದ್ದವನು ಒಬ್ಬನೇ, ಧಣಿ ಯಾರನ್ನು ಸಾಯಲು ಬಿಟ್ಟಿರಲಿಲ್ಲವೋ ಅವನು. ಅವಳಿಗೆ ಸಿಟ್ಟು ಬರುತ್ತಿತ್ತು, ಅಯ್ಯೋ ಎನ್ನಿಸುತ್ತಿತ್ತು. ಬಡಿಸುವಾಗ ಎರಡೂ ಒಟ್ಟಿಗೇ ಬರುತ್ತಿದ್ದವು. ಧಣಿ ಹೊರಡುವಾಗ ಪ್ರತಿಸಲವೂ ಹೊಸಿಲ ಬಳಿ ಕೇಳುತ್ತಿದ್ದಳು:

“ಯಾವಾಗ ಸಾರಿಸ್ತೀರಿ?”

“ಮುಂದಿನ ವಾರ ನೋಡೋಣ ತಂಗಿ.”

ಹೀಗೆ ಮತ್ತೊಂದು ವರ್ಷ ಹೋಯಿತು. ಒಂದು ಗುರುವಾರ ಧಣಿ ಬಂದಾಗ ಅವಳು ಮಣೆ ಹಾಕಿರಲಿಲ್ಲ. ಒಲೆ ಹಚ್ಚಿರಲಿಲ್ಲ. ಗೂಟದಲ್ಲಿದ್ದ ಕರಿ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು.

“ಏನಾಯ್ತಮ್ಮಾ?”

“ಧಣೀ, ನನಗೆ ಅವರ ಮುಖ ಮರೀತಾ ಇದೆ.”

ಧಣಿ ಕಿತ್ತಳೆಯ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ಕಣ್ಣು ಮುಚ್ಚಿದರೆ ಈ ಕೋಟಿನವರು ಬರ್ತಾರೆ. ನೀವು ಸಾರಿದವರು. ದೊಡ್ಡ ಮನುಷ್ಯರು, ಬೆನ್ನು ನೆಟ್ಟಗೆ, ಮಾತಿಲ್ಲ ಕಥೆಯಿಲ್ಲ. ನನ್ನವರು ಆ ಕಡೆ ಸರಿದು ಹೋಗ್ತಾ ಇದ್ದಾರೆ. ದಿನಾ ಒಂದೊಂದು ಹೋಗುತ್ತೆ. ಮೊನ್ನೆ ದನಿ ಹೋಯ್ತು. ಯಾರನ್ನ ಕೇಳಲಿ? ಹೇಗಿದ್ದರು ಅಂತ ಕೇಳೋಕಾಗುತ್ತಾ, ಕೆಲಸಕ್ಕೆ ಹೋಗಿರೋರ ಬಗ್ಗೆ?” ಅವಳು ಕೋಟನ್ನು ಮುದುರಿದಳು. “ಅವರು ಹೋದದ್ದು ಒಂದು. ಈಗ ಅವರು ಇದ್ದದ್ದೂ ಹೋಗ್ತಾ ಇದೆ ಧಣೀ. ನನಗೆ ಅಳೋಕೆ ಬಿಡಿ. ಅತ್ತರೆ ಅವರು ಸಿಗ್ತಾರೆ.”

“ಸಾರಿದರೆ…” ಎಂದ ಧಣಿ. ಅವನ ದನಿ ಸಣ್ಣದಾಯಿತು. “ಸಾರಿದರೆ ನನಗೆ ಗುರುವಾರ ಯಾರಿರ್ತಾರೆ ತಂಗಿ?”

“ಅವರು ನಿಮಗೆ ಯಾವತ್ತಿದ್ದರು? ಒಂದು ಸಲ ಮುಖ ನೋಡಿದ್ದೀರಾ?”

ಧಣಿ ಯೋಚಿಸಿದ. ಕಾರ್ಖಾನೆಯ ಉಗಿಯ ನಡುವೆ ಯಾವುದೋ ಒಂದು ಬೆನ್ನು ಕಂಡಿರಬಹುದು. “ಇಲ್ಲ,” ಎಂದ. ಕಿತ್ತಳೆಯ ಬುಟ್ಟಿಯನ್ನು ಹೊಸಿಲಲ್ಲೇ ಇಟ್ಟು ಹೊರಟುಹೋದ.

ಅವನು ಮನೆಗೆ ಹೋಗಿ ಏನು ಯೋಚಿಸಿದ, ಎಷ್ಟು ಹೊರಳಾಡಿದ ಎಂದು ನನ್ನನ್ನು ಕೇಳಬೇಡಿ, ನಾನು ಅವನ ತಲೆಯೊಳಗೆ ಕೂತಿರಲಿಲ್ಲ. ಊರು ಕಂಡದ್ದಿಷ್ಟು. ಶುಕ್ರವಾರ ಚೀಟಿ ಬರಲಿಲ್ಲ. ಶನಿವಾರವೂ ಬರಲಿಲ್ಲ. ಎರಡು ದಿನ ಊರಿನಲ್ಲಿ ಏನೂ ಆಗಲಿಲ್ಲ. ಭಾನುವಾರ ಸೂರ್ಯ ಒಂದು ಗೇಣು ಮೇಲೆ ಬಂದಾಗ ಧಣಿ ಬರಿಗಾಲಲ್ಲಿ ಚೌಕಕ್ಕೆ ಬಂದ. ತೊಟ್ಟಿಗೆ ಬೆರಳು ಅದ್ದಿ ಕಿವಿಗೆ ಮುಟ್ಟಿಸಿಕೊಂಡ. ಆಮೇಲೆ ಕಲ್ಲು ಹತ್ತಲು ನೋಡಿದ. ಕಲ್ಲು ಅವನದಾಗಿ ಎಷ್ಟು ವರ್ಷವಾಗಿದ್ದರೂ ಒಮ್ಮೆಯೂ ಹತ್ತಿದವನಲ್ಲ, ಕಾಲು ಜಾರಿತು.

“ಇಳೀರಿ ಧಣೀ, ನಾನು ಇದ್ದೀನಲ್ಲ,” ಎಂದು ಸಾರುವಯ್ಯ ಗಾಬರಿಯಾಗಿ ಓಡಿಬಂದ. “ಚೀಟಿ ಕೊಡಿ, ಓದ್ತೀನಿ.”

“ಚೀಟಿ ಇಲ್ಲ. ಸ್ವಲ್ಪ ಕೈ ಕೊಡಪ್ಪಾ.”

ಸಾರುವಯ್ಯ ಕೈ ಕೊಟ್ಟು ಹತ್ತಿಸಿದ. ಧಣಿ ನೆಟ್ಟಗೆ ನಿಂತ. ಅವಳು ಎಂದಿನಂತೆ ಕಲ್ಲಿಗೆ ಒತ್ತಿ ನಿಂತಿದ್ದಳು.

“ಕೊಪ್ಪರಿಗೆಯವನು ತೀರಿಕೊಂಡಿದ್ದಾನೆ,” ಎಂದು ಧಣಿ ಸಾರಿದ.

ಮೊದಲು ಮನೆಯವರು ಹೇಳಬೇಕು. ಎಲ್ಲರೂ ಅವಳನ್ನು ನೋಡಿದರು. ಆರು ವರ್ಷದಿಂದ ನಾಲಿಗೆಯ ತುದಿಯಲ್ಲಿ ಕಾದಿದ್ದ ಮಾತು. ಅವಳು ಬಾಯಿ ತೆರೆದಳು.

“ಇನ್ನೂ ಇಲ್ಲ,” ಎಂದಳು. “ಹೇಗೆ ಅಂತ ಸಾರಿ.”

“ಕೊಪ್ಪರಿಗೆ ಸಿಡಿದು.”

“ಯಾಕೆ ಸಿಡೀತು?”

ಧಣಿ ಚಪ್ಪರದ ಕಡೆ ನೋಡಿದ, ಸಮುದ್ರದ ಕಡೆ ನೋಡಿದ. “ಮುಚ್ಚಳಕ್ಕೆ ತಂತಿ ಕಟ್ಟಿತ್ತು.”

“ತಂತಿ ತಾನಾಗೇ ಕಟ್ಟಿಕೊಂಡಿತಾ?”

“ನಾನು ಕಟ್ಟಿಸಿದೆ.”

“ಅಪಾಯ ಅಂತ ಗೊತ್ತಿತ್ತಾ?”

“ಗೊತ್ತಿತ್ತು,” ಎಂದ ಧಣಿ. “ಆದರೂ ಕಟ್ಟಿಸಿದೆ. ಕೆಲಸ ನಿಲ್ಲಬಾರದು ಅಂತ ಕಟ್ಟಿಸಿದೆ.”

“ಅದನ್ನ ಬಿಚ್ಚಿಸಿ ಅಂತ ಹೇಳೋಕೆ ಅವರು ಮೂರು ಸಲ ನಿಮ್ಮ ಬಾಗಿಲಿಗೆ ಬಂದಿದ್ದರು. ನಿಮ್ಮ ಆಳುಗಳು ಒಳಗೆ ಬಿಡಲಿಲ್ಲ. ಅದನ್ನೂ ಸಾರಿ.”

“ಅದು ನನಗೆ ಗೊತ್ತಿರಲಿಲ್ಲ ತಂಗಿ.”

“ಗೊತ್ತಾಗಲಿ ಅಂತಲೇ ಬಂದಿದ್ದು.”

ಧಣಿ ತಲೆ ತಗ್ಗಿಸಿದ. ಆಮೇಲೆ ಇಡೀ ಚೌಕಕ್ಕೆ ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಸಾರಿದ. ಅವನು ಮೂರು ಸಲ ಬಂದಿದ್ದ. ನನ್ನ ಬಾಗಿಲು ಮುಚ್ಚಿತ್ತು. ಅವನು ಸತ್ತ. ನಾನು ಅವನ ಸಾವನ್ನೂ ಮುಚ್ಚಿಟ್ಟೆ.

ಅವಳು ಕಣ್ಣು ಮುಚ್ಚಿಕೊಂಡಳು.

“ಆಯ್ತು,” ಎಂದಳು.

“ಆಯ್ತು,” ಎಂದಿತು ಊರು. ವರ್ಷಗಟ್ಟಲೆ ಆ ಮಾತನ್ನು ಕೇಳಿದ್ದ ಧಣಿಗೆ ಅವತ್ತು ಮೊದಲ ಸಲ ಅದರ ತೂಕ ತಿಳಿಯಿತು.

ಆಮೇಲೆ ಅವಳು ಅತ್ತಳು. ಅದನ್ನು ನಾನು ಹೇಗೆ ಹೇಳಲಿ? ಮೊದಲು ಸದ್ದೇ ಇರಲಿಲ್ಲ. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು, ಅದೇನೆಂದು ತಿಳಿಯದೆ ಬೆರಳಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಕಲ್ಲನ್ನು ಎರಡು ಕೈಯಲ್ಲಿ ತಬ್ಬಿ ಅತ್ತಳು. ಪಕ್ಕದ ಮನೆಯಾಕೆ ಓಡಿಬಂದು ಅವಳನ್ನು ತಬ್ಬಿಕೊಂಡು ಅತ್ತಳು. ಕೋಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದ ಜೊತೆಗಾರರೂ ಅತ್ತರು, ಸ್ವಲ್ಪ ನಾಚಿಕೊಂಡೇ.

ಆಗ ಹಿಂದಿನಿಂದ ಒಬ್ಬ ಮುದುಕ ಕೈಯೆತ್ತಿದ. “ಧಣೀ, ನಮ್ಮವಳದೂ ಒಂದಿದೆ. ಮೂರು ವರ್ಷ ಆಯ್ತು. ಸಾರ್ತೀರಾ?”

ಧಣಿ ಸಾರಿದ. ಮುದುಕ “ಆಯ್ತು” ಎಂದ. ಇನ್ನೊಬ್ಬ ಹೆಂಗಸು ಬಂದು ಕೂಸಿನ ಹೆಸರು ಹೇಳಿದಳು, ಸಾರಿದ. ಅಣ್ಣನದು ಎಂದು ಒಬ್ಬ. ಅಮ್ಮನದು ಎಂದು ಮೂವರು ಸಾಲಾಗಿ. ಸಾಲು ಬೀದಿ ದಾಟಿ ಸಮುದ್ರದವರೆಗೂ ಬೆಳೆಯಿತು. ಧಣಿಯ ಗಂಟಲು ಕಟ್ಟಿದಾಗ ಸಾರುವಯ್ಯ ಪಕ್ಕದಲ್ಲಿ ನಿಂತು ಸಾರಿದ. ಸಾರುವಯ್ಯನ ದನಿ ಒಡೆದಾಗ ಮೇಷ್ಟ್ರು ಹತ್ತಿದರು. ಸಾರುವರು. ಆಯ್ತು. ಸಾರುವರು. ಆಯ್ತು. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಚೌಕದ ಕಲ್ಲುಹಾಸು ಒದ್ದೆಯಾಗಿತ್ತು, ಅತ್ತು ಅತ್ತು ಹಗುರಾದ ಜನ ಒಬ್ಬರ ಬಾತ ಮೂಗು ಒಬ್ಬರು ನೋಡಿ ನಗತೊಡಗಿದ್ದರು. ಅತ್ತಮೇಲೆ ಎಷ್ಟು ಹಸಿವಾಗುತ್ತದೆ ಎನ್ನುವುದು ಊರಿಗೆ ಮರೆತೇಹೋಗಿತ್ತಂತೆ. ಯಾರೋ ಕಲ್ಲಂಗಡಿ ತಂದು ಹೆಚ್ಚಿ ಹಂಚಿದರು.

ನ್ಯಾಯಾಧೀಶರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಧಣಿಯ ಬಳಿ ಬಂದರು. ತಮ್ಮ ತಂದೆಯ ಸಾವು ಸಾರಿಸಲು ಅವರೂ ಸಾಲಿನಲ್ಲಿ ನಿಂತು ಬಂದಿದ್ದರು.

“ನಾಳೆ ನ್ಯಾಯದ ಮನೆಗೆ ಬರಬೇಕು ಧಣೀ.”

“ಬರ್ತೀನಿ.”

“ಊಟ ಇರಲ್ಲ.”

“ಗೊತ್ತು,” ಎಂದ ಧಣಿ. “ಈ ಕಲ್ಲು ನನ್ನದಲ್ಲ ಅಂತಲೂ ಯಾರಾದರೂ ಸಾರಿಬಿಡಿ.” ಮೇಷ್ಟ್ರು ಕೂಗಿದರು, ಬಾಯಿ ತುಂಬ ಕಲ್ಲಂಗಡಿ ಇದ್ದ ಊರು ಆಯ್ತು ಎಂದಿತು. ಅವನನ್ನು ನ್ಯಾಯದ ಮನೆಯಲ್ಲಿ ಏನು ಮಾಡಿದರು ಎನ್ನುವುದು ಬೇರೆಯೇ ಕಥೆ. ಮಾಡಬೇಕಾದ್ದನ್ನು ಮಾಡಿದರು, ಅವನು ಸುತ್ತಿಬಳಸದೆ ಒಪ್ಪಿಕೊಂಡ ಎಂದಷ್ಟು ಹೇಳಬಲ್ಲೆ.

ಜನ ಚದುರಿದರು. ಧಣಿ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತಿದ್ದ. ಅವನ ಹತ್ತಿರ ಯಾರೂ ಹೋಗಲಿಲ್ಲ. ಅವಳು ಮನೆಗೆ ಹೊರಟವಳು ನಿಂತಳು. ಕಣ್ಣು ಊದಿತ್ತು, ಮುಖ ಕೆಂಪಾಗಿತ್ತು. ಹಿಂದಿರುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಧಣಿ, “ಅವನು ಹೇಗಿದ್ದ, ತಂಗಿ?” ಎಂದ. “ಸುಮ್ಮನೆ ಕೂತು ಕೇಳೋ ಮನುಷ್ಯ, ಅಲ್ವಾ?”

“ಯಾರು, ಇವರಾ?” ಅವಳಿಗೆ ಒಮ್ಮೆಲೇ ನಗು ಬಂತು. “ಅಯ್ಯೋ ನಿಮ್ಮ! ಮಾತು ಅಂದ್ರೆ ಎಂಥ ಮಾತು ಧಣೀ. ಕೊಪ್ಪರಿಗೆ ಜೊತೆ ಮಾತಾಡೋರು. ಅದು ಉಸ್ಸೆಂದರೆ, ‘ಏನೇ ಮುದುಕಿ, ಬೆಳಿಗ್ಗೇನೇ ಜಗಳಕ್ಕೆ ಬಂದೆಯಾ’ ಅನ್ನೋರು. ಒಂದು ಗುರುವಾರ ಅವರ ಎದುರು ನೀವು ಕೂತಿದ್ದಿದ್ರೆ ನಿಮಗೆ ಒಂದು ಮಾತಾಡೋಕೆ ಜಾಗ ಸಿಕ್ತಿರಲಿಲ್ಲ. ನಿಮ್ಮ ಕೈಲಿರೋ ಕಿತ್ತಳೆ ಕಿತ್ತುಕೊಂಡು, ಇದು ಹುಳಿ, ಎಲ್ಲಿ ಕೊಂಡಿರಿ, ಮೋಸ ಹೋದಿರಿ ಅಂತ ಶುರು ಮಾಡೋರು.”

“ಹೌದಾ,” ಎಂದ ಧಣಿ. ಒಂದು ವರ್ಷದಿಂದ ತಾನು ಕಟ್ಟಿಕೊಂಡಿದ್ದ ಮಿತ್ರ ಅವನ ಕಣ್ಣೆದುರೇ ಕರಗಿಹೋದ. “ಆಮೇಲೆ?”

“ಕುಳ್ಳಗಿದ್ದರು. ಬಾತುಕೋಳಿ ಕಂಡ್ರೆ ಭಯ. ಇಷ್ಟು ದೊಡ್ಡ ಕೊಪ್ಪರಿಗೆಗೆ ಹೆದರದೋರು ಬಾತುಕೋಳಿ ಬಂದರೆ ನನ್ನ ಹಿಂದೆ ಬಂದು ನಿಲ್ಲೋರು.” ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಉಪ್ಪು ಜಾಸ್ತಿ ಬೇಕು. ಹಾಡ್ತಿದ್ದರು, ಶ್ರುತಿ ಇಲ್ಲ, ತಾಳ ಇಲ್ಲ. ಆದರೂ ಹಾಡ್ತಿದ್ದರು.”

ಧಣಿ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೇಳಿದ. ಅವಳು ಹೇಳಿದಳು. ಅವನು ಕೇಳಿದ.

ಹೇಳುತ್ತ ಹೇಳುತ್ತ ಅವಳು ಥಟ್ಟನೆ ನಿಲ್ಲಿಸಿದಳು. ಕೈ ತಾನಾಗಿ ಗಾಳಿಯಲ್ಲಿ ಮೇಲೆದ್ದಿತು, ಎದುರಿಗೆ ಯಾರದೋ ಮುಖ ಹಿಡಿದ ಹಾಗೆ.

“ನಕ್ಕರೆ ಒಂದು ಕಣ್ಣು ಪೂರ್ತಿ ಮುಚ್ಚಿಹೋಗ್ತಿತ್ತು,” ಎಂದಳು, ತಾನೇ ಬೆರಗಾಗಿ. “ಎಡಗಣ್ಣು.”